ಹತ್ತು ಕೋಟಿ ಒಂದರ ಮದುವೆ

ಹರಿಹರ
ಕ್ರಿ.ಶ. 2719, ಫೆಬ್ರವರಿ 31

ಏಳುನೂರು ವರ್ಷ ಹಿಂದಿರುವ ಹಿರಿಯರಿಗೆ ಪಂಪಾವತಿ ಮಾಡುವ ನಮಸ್ಕಾರಗಳು. ತಾರೀಖು ನೋಡಿ ಗಾಬರಿಯಾಗಬೇಡಿ. ಫೆಬ್ರವರಿಯ ಮೇಲೆ ಕನಿಕರಪಟ್ಟು ನಾವೇ ಮೂರು ದಿನ ಹೆಚ್ಚಿಗೆ ಕೊಟ್ಟಿದ್ದೇವೆ. ನನ್ನ ಮಾತಿನಲ್ಲಿ ಗುರುತಿಲ್ಲದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ಮನೆತನದ ಹೆಸರುಗಳಿಲ್ಲ. ಪ್ರತಿಯೊಬ್ಬರಿಗೂ ಒಂದು ಹುಟ್ಟಂಕೆ ಇದೆ, ಅಂದರೆ ಹುಟ್ಟಿದ ದಿನ ಸಿಗುವ ಸಂಖ್ಯೆ. ನೀವು ಗೋತ್ರ ನೋಡುವಂತೆ ನಾವು ಅಪವರ್ತನ ನೋಡುತ್ತೇವೆ. ಗಂಡು ಹೆಣ್ಣು ಇಬ್ಬರ ಅಂಕೆಯನ್ನೂ ಒಂದೇ ಸಂಖ್ಯೆ ಶೇಷವಿಲ್ಲದೆ ಭಾಗಿಸಿದರೆ ಅವರು ಅಣ್ಣ-ತಂಗಿ ಇದ್ದಂತೆ, ಮದುವೆಯಿಲ್ಲ. ಒಂದು ಎಂಬ ಸಂಖ್ಯೆಯನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿದಿದ್ದರೆ ಮನುಷ್ಯಕುಲ ಎಂದೋ ಮುಗಿಯುತ್ತಿತ್ತು. ಸಮಸಂಖ್ಯೆಯವರು ಬೆಸಸಂಖ್ಯೆಯವರ ಮನೆಗಳಿಗೆ ಅಲೆದು ಚಪ್ಪಲಿ ಸವೆಸುತ್ತಾರೆ. ಅವಿಭಾಜ್ಯದವರ ಗತ್ತೇ ಬೇರೆ.

ನನ್ನ ಅಂಕೆ 10,00,00,001. ನಾನು ಹುಟ್ಟಿದ ದಿನವೇ ಅಜ್ಜ ಕೊಟ್ರಪ್ಪನವರು ಅದನ್ನು ಎರಡರಿಂದ ಹದಿಮೂರರವರೆಗೆ ಭಾಗಿಸಿ ನೋಡಿದರು. ಪ್ರತಿ ಸಲವೂ ಶೇಷ ಉಳಿಯಿತು. ಅಷ್ಟರಲ್ಲಿ ಊಟಕ್ಕೆ ಕರೆದರು. ಕೈ ತೊಳೆದು ಬಂದವರೇ ಮೊಮ್ಮಗಳು ಅವಿಭಾಜ್ಯ ಎಂದು ಓಣಿಗೆಲ್ಲ ಸಕ್ಕರೆ ಹಂಚಿದರು. ಇಪ್ಪತ್ತಾರು ವರ್ಷ ನಾನೂ ಅದೇ ಜಂಬದಲ್ಲಿ ಓಡಾಡಿದೆ.

ತಿಪ್ಪೇಶನನ್ನು ನಾನೇ ಮೆಚ್ಚಿದ್ದು. ಅವನ ಅಂಕೆ 6,80,00,017. ನಿಶ್ಚಿತಾರ್ಥದ ದಿನ ಅವನ ತಾಯಿ, ಸುಮ್ಮನೆ ಕೂರಲಾರದ ಹೆಂಗಸು, ಎರಡೂ ಅಂಕೆಗಳನ್ನು ಹದಿನೇಳರಿಂದ ಭಾಗಿಸಿದರು. ಎರಡರಲ್ಲೂ ಶೇಷ ಸೊನ್ನೆ. ತಾಂಬೂಲದ ತಟ್ಟೆ ಎತ್ತಿದ ಕೈಯಲ್ಲೇ ನಿಂತಿತು. ನನಗೆ ಅಳು ಬಂತು. ಜಂಬ ಹೋದದ್ದಕ್ಕಲ್ಲ, ತಿಪ್ಪೇಶ ತಪ್ಪಿಹೋಗುತ್ತಾನೆಂದು.

ಉಳಿದದ್ದು ಒಂದೇ ದಾರಿ, ಅಪವರ್ತನ ತ್ಯಾಗ. ಇಬ್ಬರಲ್ಲಿ ಒಬ್ಬರು ಹದಿನೇಳನ್ನು ಬಿಟ್ಟು, ಬಂದ ಭಾಗಲಬ್ಧವನ್ನೇ ಅಂಕೆಯಾಗಿ ಇಟ್ಟುಕೊಳ್ಳುವುದು. ಬಿಡುವವಳು ಹುಡುಗಿ ಎಂಬುದು ಪದ್ಧತಿ. ಹತ್ತು ಕೋಟಿಯವಳು 58,82,353ಕ್ಕೆ ಇಳಿದೆ.

ಅಜ್ಜ ಮೂರು ದಿನ ಕೋಣೆಯಲ್ಲಿ ಲೆಕ್ಕ ಹಾಕುತ್ತ ಕೂತರು. ನಾಲ್ಕನೆಯ ದಿನ ಪಾಟಿ ಹಿಡಿದು ಬಂದರು. ನನ್ನ ಹೊಸ ಅಂಕೆಯನ್ನು ಈ ಸಲ 2,425ರವರೆಗೂ ಭಾಗಿಸಿ ನೋಡಿದ್ದರು. ವರ್ಗಮೂಲ ಅಲ್ಲಿಗೇ ಮುಗಿಯುವುದರಿಂದ ಅದರಾಚೆ ನೋಡುವ ಅಗತ್ಯವಿಲ್ಲ, ಇದು ಖಂಡಿತ ಅವಿಭಾಜ್ಯ. ಸಾಲದ್ದಕ್ಕೆ ಅದನ್ನು 588, 2353 ಎಂದು ಎರಡು ತುಂಡು ಮಾಡಿ, ಎರಡನ್ನೂ ವರ್ಗ ಮಾಡಿ ಕೂಡಿಸಿದ್ದರು. ಮೊತ್ತ ಮತ್ತೆ 58,82,353.

“ತುಂಡು ಮಾಡಿದ್ರೂ ತಿರುಗಿ ನೀನೇ ಬರ್ತೀಯವ್ವ,” ಎಂದರು. “ನೀನೇನೂ ಕಮ್ಮಿ ಆಗಿಲ್ಲ.”

ನಾಳೆ ಮದುವೆ. ನನಗೆ ಸಂತೋಷವೇ. ತಿಪ್ಪೇಶನ ಹದಿನೇಳು ಅವನ ಹತ್ತಿರ ಹಾಗೇ ಇದೆ. ಬಿಡುತ್ತೀಯಾ ಎಂದು ಅವನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಿಮ್ಮಲ್ಲೂ ಮದುವೆಗೆ ಮೊದಲು ಏನೇನೋ ಕೂಡಿಸಿ ಕಳೆದು ನೋಡುತ್ತಾರೆಂದು ಓದಿದ್ದೇನೆ. ಆಗ ಒಬ್ಬರಾದರೂ, ಒಂದು ಸಲವಾದರೂ, ಹುಡುಗನನ್ನು ಕೇಳಿ ನೋಡಿ. ಆ ರೂಢಿಯನ್ನು ನೀವು ಈಗಲೇ ಶುರುಮಾಡಿದರೆ, ಹರಿಹರಕ್ಕೆ ಬಂದು ಮುಟ್ಟಲು ಏಳುನೂರು ವರ್ಷ ಸಾಕಾಗಬಹುದು.

ಇಂತಿ,
ಪಂಪಾವತಿ