ಒಂದೇ ಬಾಗಿಲಿನ ಗೂಡು

ಗುರುವಾರ, ಬೆಳಗಿನ ಹೊತ್ತು

ತಂಗಿಗೆ ಅಕ್ಕನ ಆಶೀರ್ವಾದಗಳು. ಸಿಟ್ಟಿದ್ದಾಗಲೂ ಆಶೀರ್ವಾದ ತಪ್ಪಿಸಬಾರದೆಂದು ಹಿರಿಯರು ಕಲಿಸಿದ್ದರಿಂದ ಬರೆದಿದ್ದೇನೆ. ಬೇರೆ ಅರ್ಥ ಹಚ್ಚಬೇಡ.

ನೀನು ಫೋನಿನಲ್ಲಿ ಅಣ್ಣನಿಗೆ ಹೇಳಿದ ಕಥೆಯನ್ನು ಅವನು ಚಾಚೂ ತಪ್ಪದೆ ನನಗೆ ಒಪ್ಪಿಸಿದ್ದಾನೆ. ಅದರಲ್ಲಿ ತಿದ್ದಬೇಕಾದವು ಬಹಳ. ನನ್ನ ಮೂರು ಗಿನಿಪಿಗ್‌ಗಳು ಸೇರಿ ನಿನ್ನ ಒಂದೇ ಗಿನಿಪಿಗ್ ಗುಂಡಿಯ ಮೇಲೆ ಹಲ್ಲೆ ನಡೆಸಿದವು ಎಂದೆಯಂತೆ. ಮೂರಲ್ಲ, ಒಂದು. ಹಲ್ಲೆಯಲ್ಲ, ಕಚ್ಚಿದ್ದು. ಕಿವಿ ಹರಿದುಹೋಯಿತು ಎಂದೆಯಂತೆ. ಕಿವಿಯ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಸೀಳಿದೆ. ಕಿವಿ ಇದ್ದಲ್ಲಿಯೇ ಇದೆ. ಇನ್ನು "ಅಕ್ಕ ಕೈಕಟ್ಟಿಕೊಂಡು ನೋಡ್ತಾ ನಿಂತಿದ್ದಳು" ಎಂಬುದಂತೂ ಶುದ್ಧ ಸುಳ್ಳು. ಆ ಹೊತ್ತಿಗೆ ನಾನು ಅಡುಗೆಮನೆಯಲ್ಲಿ ನೀರಿನ ಬಟ್ಟಲು ತೊಳೆಯುತ್ತಿದ್ದೆ. ಕೈಕಟ್ಟಿಕೊಂಡು ಬಟ್ಟಲು ತೊಳೆಯುವ ವಿದ್ಯೆ ನಿನಗೆ ಗೊತ್ತಿದ್ದರೆ ನನಗೂ ಕಲಿಸು.

ಅಣ್ಣನಿಗೆ ನೀನು ಕಥೆಯನ್ನು ನಡುವಿನಿಂದ ಹೇಳಿದ್ದೀಯೆ. ನಾನು ಮೊದಲಿನಿಂದ ಹೇಳುತ್ತೇನೆ.

ಗುಂಡಿಯ ಜೊತೆಗಾತಿ ಸತ್ತ ಮೇಲೆ ಅದು ಹುಲ್ಲು ಮುಟ್ಟುವುದನ್ನು ಬಿಟ್ಟಿತು. ಈ ಪ್ರಾಣಿ ಒಂಟಿಯಾಗಿ ಬಾಳುವುದಿಲ್ಲ, ಗುಂಪಿಗೆ ಸೇರಿಸದಿದ್ದರೆ ಕೊರಗಿ ಸಾಯುತ್ತದೆ ಎಂದು ಪಶುವೈದ್ಯೆ ಹೇಳಿದರು. ಹೊಲಿಗೆ ಅಂಗಡಿ ಮುಚ್ಚಿ ಬಾಡಿಗೆಯ ಒಂಟಿ ಕೋಣೆಯಲ್ಲಿದ್ದ ನೀನು ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ನನ್ನ ಬಾಗಿಲಿಗೆ ಬಂದೆ. "ಗುಂಡಿ ಹೊಂದಿಕೊಳ್ಳೋವರೆಗೂ ಇರ್ತೀನಿ, ಅಕ್ಕ" ಎಂದೆ. ಅಷ್ಟಕ್ಕೆ ಎರಡು ಸೂಟ್‌ಕೇಸು ಏಕೆಂದು ನಾನು ಕೇಳಲಿಲ್ಲ. ಒಂದು ಒರೆಯಲ್ಲಿ ಎರಡು ಕತ್ತಿ ಹಿಡಿಯವು ಎಂದು ಅಂದೇ ಅಣ್ಣನಿಗೆ ಹೇಳಿದೆ. "ಕತ್ತಿಗಳಿಗೂ ವಯಸ್ಸಾಗಿದೆ, ಮೊಂಡಾಗಿರ್ತವೆ ಬಿಡು" ಎಂದು ಅವನು ನಕ್ಕ. ಅವನಿಗೇನು, ದೂರದಲ್ಲಿದ್ದಾನೆ.

ಬಂದ ವಾರದೊಳಗೆ ನೀನು ನನ್ನ ಕಿಟಕಿಯ ಪರದೆಗಳನ್ನು ಬಿಚ್ಚಿ ಅಂಚು ಮಡಚಿ ಗಿಡ್ಡ ಮಾಡಿದೆ. ಚಹಾದ ಡಬ್ಬಿ ಎಡಗಡೆಯಿಂದ ಬಲಗಡೆಗೆ ಹೋಯಿತು. ಕೇಳಿದರೆ, "ಕೈಗೆ ಸಿಗೋ ಹಾಗೆ ಇಟ್ಟಿದೀನಿ" ಎಂದೆ. ಯಾರ ಕೈಗೆ? ನನ್ನ ಹಳೆಯ ವಿದ್ಯಾರ್ಥಿನಿಯರು ಮನೆಗೆ ಬಂದರೆ, ನಾನು ಬಾಯಿ ತೆರೆಯುವ ಮೊದಲೇ ನೀನು ಅವರನ್ನು ನಗಿಸಿರುತ್ತಿದ್ದೆ. ಇರಲಿ. ಇದು ಗಿನಿಪಿಗ್‌ಗಳ ವಿಷಯ.

ಹೊಸದನ್ನು ಸೇರಿಸುವ ಕ್ರಮವನ್ನು ಪಶುವೈದ್ಯೆ ನಿನ್ನೆದುರಿಗೇ ಹೇಳಿಕೊಟ್ಟಿದ್ದರು. "ಯಾರ ಜಾಗವೂ ಅಲ್ಲದ ಕಡೆ ಬಿಡಿ, ಮೇಡಂ. ಅಟ್ಟಾಡಿಸ್ತವೆ, ಹಲ್ಲು ಕಟಕಟ ಅನ್ನಿಸ್ತವೆ, ಒಂದರ ಮೇಲೊಂದು ಹತ್ತುತ್ತವೆ. ಯಾರು ದೊಡ್ಡೋರು ಅಂತ ತೀರ್ಮಾನ ಆಗಬೇಕಲ್ಲ. ರಕ್ತ ಬಂದರೆ ಮಾತ್ರ ಬಿಡಿಸಿ" ಎಂದರು. ಅದರಂತೆ ನಾನು ಹಜಾರದ ಕುರ್ಚಿಗಳನ್ನೆಲ್ಲ ಹೊರಗಿಟ್ಟು, ನೆಲ ಒರೆಸಿ, ಹಳೆಯ ಹೊದಿಕೆ ಹಾಸಿದೆ. ಜಗಳವಾಗದಿರಲೆಂದು ಹುಲ್ಲನ್ನೂ ಸೊಪ್ಪನ್ನೂ ಬೇರೆ ಬೇರೆ ಗುಡ್ಡೆಗಳಾಗಿ ಹರಡಿದೆ. ಅಡಗಲು ರಟ್ಟಿನ ಪೆಟ್ಟಿಗೆಗಳನ್ನಿಟ್ಟೆ; ಒಂದೊಂದಕ್ಕೂ ಎರಡು ಬಾಗಿಲು ಕೊರೆದಿದ್ದೆ, ಯಾವುದೂ ಮೂಲೆಗೆ ಸಿಕ್ಕಿಕೊಳ್ಳಬಾರದೆಂದು.

ಗುಂಪಿನ ಯಜಮಾನಿ ದೊಡ್ಡಮ್ಮ ಗುಂಡಿಯನ್ನು ಅಟ್ಟಿತು. ನನ್ನ ಉಳಿದೆರಡು, ಗೊಣಗಿಯೂ ಹತ್ತಿಯೂ, ಸುಮ್ಮನೆ ನೋಡಿದವು. ನೀನು ಸೆರಗಿನಿಂದ ಕಣ್ಣೊರೆಸುತ್ತ, "ಸಾಕು ಅಕ್ಕ, ನಾನು ಎತ್ತಿಕೋತೀನಿ" ಎಂದೆ. ನಾನು "ಕೂತ್ಕೋ" ಎಂದೆ. ನೀನು ಕುಳಿತೆ. ನಾನು ನೀರು ತರಲು ಒಳಗೆ ಹೋದೆ. ಅಷ್ಟರಲ್ಲಿ ನೀನು ಗುಂಡಿಗೆಂದು ನಿನ್ನ ಕೈಯಾರೆ ಹೊಲಿದಿದ್ದ ವೆಲ್ವೆಟ್ ಗೂಡನ್ನು ತಂದು ನಡುವೆ ಇಟ್ಟೆ.

ಆ ಗೂಡಿನ ಹೊಲಿಗೆಯಲ್ಲಿ ತಪ್ಪು ಹುಡುಕಲಾರೆ. ಒಳಗೆ ಹತ್ತಿಬಟ್ಟೆಯ ಅಸ್ತರಿ, ಎಳೆ ಕಾಣದ ಅಂಚು. ಆದರೆ ಬಾಗಿಲು ಒಂದೇ. ಜೇಬು ಹೊಲಿದು ಪಳಗಿದ ಕೈ ನಿನ್ನದು. ಜೇಬಿಗೆ ಎರಡು ಬಾಯಿ ಇರುವುದುಂಟೇ? ಅಟ್ಟಿಸಿಕೊಂಡು ಬಂದ ಗುಂಡಿ ತನ್ನದೇ ವಾಸನೆಯ ಗೂಡು ಕಂಡು ಒಳಗೆ ನುಗ್ಗಿತು. ದೊಡ್ಡಮ್ಮ ಹಿಂದೆಯೇ ನುಗ್ಗಿತು. ಬಯಲಿನಲ್ಲಿದ್ದರೆ ಓಡಿ ತಪ್ಪಿಸಿಕೊಳ್ಳುತ್ತಿತ್ತು. ಅಲ್ಲಿ ಹೊರಬರಲು ದಾರಿಯಿಲ್ಲದೆ ಕಚ್ಚಿಸಿಕೊಂಡಿತು. ಆದ್ದರಿಂದ ಕಚ್ಚಿದ್ದು ದೊಡ್ಡಮ್ಮನಾದರೂ ಕಚ್ಚಿಸಿದ್ದು ನಿನ್ನ ಮಮತೆ. ಅಣ್ಣನಿಗೆ ಇದನ್ನು ಹೇಳುವಾಗ ನಿನ್ನ ಫೋನಿನ ಸದ್ದು ಹೋಗಿತ್ತೇ?

ಆಮೇಲೆ ನಾನು ಆಡಿದ ಮಾತನ್ನೂ ನೀನು ಅವನಿಗೆ ಹೇಳಿಲ್ಲ. ಅದು ದೊಡ್ಡತನವೋ ತಂತ್ರವೋ ತಿಳಿಯದು. ಅವನು ಕೆದಕಿದಾಗ ನಾನೂ ಹೇಳಲಿಲ್ಲ. "ಕರೆಯದೆ ಬಂದೋರು ಮೊದಲು ಮೂಲೇಲಿ ಇರೋದು ಕಲೀಬೇಕು" ಎಂದಿದ್ದೆ. ನೀನು ಗುಂಡಿಯ ಕಿವಿಗೆ ಅರಳೆ ಒತ್ತಿ ಹಿಡಿದಿದ್ದೆ. ತಲೆಯೆತ್ತದೆ, "ಇದನ್ನ ಯಾರಿಗೆ ಹೇಳಿದ್ದು, ಅಕ್ಕ?" ಎಂದು ಕೇಳಿದೆ. ಗುಂಡಿಗೆ ಎಂದು ಹೇಳಬಹುದಿತ್ತು. ನಾನು ಸುಳ್ಳು ಹೇಳುವುದಿಲ್ಲವೆಂದು ನಿನಗೆ ಗೊತ್ತು, ಅದಕ್ಕೇ ಕೇಳಿದೆ. ಅಂದು ಸಂಜೆಯೇ ನೀನು ಎರಡೂ ಸೂಟ್‌ಕೇಸುಗಳೊಡನೆ ಹೊರಟೆ. ಗಾಯ ಒಣಗುವವರೆಗೆ ಪ್ರಯಾಣ ಕೂಡದೆಂದು ಪಶುವೈದ್ಯೆ ತಡೆದದ್ದರಿಂದ ಗುಂಡಿ ಉಳಿಯಿತು. ನೀನು ಬುಟ್ಟಿಯನ್ನು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲಿಟ್ಟೆ. ಅದನ್ನೂ ಗಮನಿಸಿದ್ದೇನೆ.

ಈಗ ಬರುವ ಭಾನುವಾರ ಅಣ್ಣನ ಕಾರಿನಲ್ಲಿ ಬಂದು ಗುಂಡಿಯನ್ನು ಒಯ್ಯುತ್ತೀಯಂತೆ. ಕೊಡುವುದಿಲ್ಲ.

ಗಾಯ ಒಣಗಿದ ಮೇಲೆ ಪಶುವೈದ್ಯೆಯ ಒಪ್ಪಿಗೆ ಪಡೆದು ಇಡೀ ಪಾಠವನ್ನು ಮೊದಲಿನಿಂದ ಮಾಡಿಸಿದ್ದೇನೆ. ಈ ಸಲ ನಡುವೆ ಅಳುವವರು ಇರಲಿಲ್ಲ. ಗುಂಡಿ ಈಗ ಹುಲ್ಲು ತಿನ್ನುತ್ತಿದೆ. ಫ್ರಿಜ್ಜಿನ ಬಾಗಿಲು ತೆಗೆದರೆ ಉಳಿದ ಮೂರರ ಜೊತೆ ಅದೂ ಕೂಗುತ್ತದೆ. ನಿನ್ನ ಒಂಟಿ ಕೋಣೆಗೆ ಒಯ್ದರೆ ಮತ್ತೆ ಗೋಡೆ ನೋಡಿಕೊಂಡು ಕುಳಿತು ಹಸಿದು ಸಾಯುತ್ತದೆ. ನನ್ನ ಮೇಲಿನ ಸಿಟ್ಟಿಗೆ ಅದರ ಹೊಟ್ಟೆಯ ಮೇಲೆ ಬರೆ ಎಳೆಯಬೇಡ. ಅಣ್ಣನನ್ನು ಮುಂದಿಟ್ಟುಕೊಂಡು ಬಂದರೂ, ನೆರೆಹೊರೆಯವರನ್ನು ಸೇರಿಸಿ ನನ್ನ ಮಾನ ಕಳೆದರೂ, ಬುಟ್ಟಿ ಖಾಲಿಯಾಗಿಯೇ ಹೋಗುತ್ತದೆ.

ಗುಂಡಿ ಇಲ್ಲಿಯೇ ಇರುತ್ತದೆ. ಅದು ಬೇಕಾದವರು ಅದು ಇರುವಲ್ಲಿ ಇರಬೇಕಾಗುತ್ತದೆ. ಇದಕ್ಕಿಂತ ಸ್ಪಷ್ಟವಾಗಿ ಬರೆಯಲು ನನಗೆ ಬಾರದು, ಬಂದರೂ ಬರೆಯುವುದಿಲ್ಲ.

ಇಂತು,
ನಿನಗಿಂತ ಹಿರಿಯಳೆಂಬುದನ್ನು ನೀನು ಮರೆತಿರುವ,
ನಿನ್ನ ಅಕ್ಕ

ಮೇಲೆ ಬರೆಯದೆ ಬಿಟ್ಟದ್ದು: ಈ ಭಾಗವನ್ನು ಅಣ್ಣನಿಗೆ ಓದಿ ಹೇಳಬೇಡ. ಎರಡನೆಯ ಸಲ ಬಿಟ್ಟಾಗ ದೊಡ್ಡಮ್ಮ ಮತ್ತೆ ಅಟ್ಟಿಸಿಕೊಂಡು ಬಂತು. ಗುಂಡಿ ಓಡಲಿಲ್ಲ. ತಿರುಗಿ ನಿಂತು, ಮೂತಿ ಎತ್ತಿ, ಹಲ್ಲು ಕಟಕಟಿಸಿತು. ದೊಡ್ಡಮ್ಮ ಸ್ವಲ್ಪ ಹೊತ್ತು ಎದುರಿಗೆ ನಿಂತು, ಆಮೇಲೆ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯಿತು. ಅಂದಿನಿಂದ ನಿನ್ನ ಗುಂಡಿ ತಿನ್ನಲು ಶುರುಮಾಡಿದ ಮೇಲೆಯೇ ಉಳಿದವರ ಸರದಿ. ದೊಡ್ಡಮ್ಮ ಇದರಿಂದ ಸೊರಗುತ್ತದೆಂದು ಹೆದರಿದ್ದೆ. ಹಾಗೇನೂ ಆಗಲಿಲ್ಲ. ಕಾವಲು ಕಾಯುವ ಕೆಲಸ ತಪ್ಪಿದ್ದರಿಂದಲೋ ಏನೋ, ಈಗ ಕಾಲು ಚಾಚಿ ಮಲಗುತ್ತದೆ. ಹಿಂದೆಂದೂ ಹಾಗೆ ಮಲಗಿದ್ದನ್ನು ನಾನು ಕಂಡಿಲ್ಲ. ಇಂದು ಬೆಳಿಗ್ಗೆ ಸೊಪ್ಪಿನ ಸುತ್ತ ಹಾಜರಿದ್ದವರು, ಅಧಿಕಾರದ ಕ್ರಮದಲ್ಲಿ: ಗುಂಡಿ, ದೊಡ್ಡಮ್ಮ, ಗೊಣಗಿ, ಹತ್ತಿ. ಕಡೆಯಲ್ಲಿ, ತಟ್ಟೆ ಹಿಡಿದುಕೊಂಡು, ನಾನು.