ಕುಷ್ಟ ದಾರಿ ತಪ್ಪಿದ ದಿನ

ತಲ್ಲೂರು, ನವೆಂಬರ್ ೧೯೪೭

ಪ್ರೀತಿಯ ಕುಷ್ಟ,

ಈ ಕಾಗದ ಓದಿ ಹೇಳುತ್ತಿರುವವನು ನಿನ್ನ ಮಗ ಮಂಜ ತಾನೇ? ಅವನನ್ನು ಬೈದ ಸಾಲುಗಳನ್ನೂ ನುಂಗದೆ ಓದಲಿ.

ನೀನು ಬೊಂಬಾಯಿಗೆ ಹೋಗಿ ಆರು ತಿಂಗಳಾಯಿತು. “ಅಪ್ಪಯ್ಯ ಒಬ್ನೇ ಅಂಗಡಿ ತನ್ಕ ಹೋರೆ ಇಲ್ಲೇ ಇರ್ಲಿ, ಇಲ್ದಿರೆ ನಾನ್ ಕರ್ಕಂಡ್ ಹೋತೆ” ಎಂದು ಮಂಜ ಷರತ್ತು ಹಾಕಿದಾಗ ನಾನು ಒಳಗೊಳಗೇ ನಕ್ಕಿದ್ದೆ. ಕಣ್ಣು ಹೋದ ಮೇಲೂ ನಾಲ್ಕು ವರ್ಷ ದಿನಾ ನನ್ನ ಅಂಗಡಿಗೆ ಬಂದವನು ನೀನು. ಆದರೂ ಸಹಾಯ ಮಾಡದಿದ್ದರೆ ಊರಿನ ಮರ್ಯಾದೆ ಏನಾಗಬೇಕು? ತಿರುವಿನಲ್ಲಿದ್ದ ಚಂದ್ರಾವತಿಯ ತೆಂಗಿನ ಸಿಪ್ಪೆಯ ರಾಶಿ ತೆಗೆಸಿದೆ. ಅವಳ ನಾರು ಬಡಿತವನ್ನೂ ನಿಲ್ಲಿಸಿದೆ. ಸೂರನ ಗಾಣದ ಎತ್ತು ಬಿಚ್ಚಿಸಿದೆ, ನಾಯಿ ಕಟ್ಟಿಸಿದೆ. ಎಲ್ಲರೂ ದಾರಿಯ ಬದಿಗೆ ಉಸಿರು ಬಿಗಿಹಿಡಿದು ನಿಂತೆವು.

ನೀನು ತಿರುವಿನಲ್ಲಿ ತಿರುಗದೆ ನೆಟ್ಟಗೆ ಸೂರನ ಬಸಳೆ ಚಪ್ಪರಕ್ಕೆ ನುಗ್ಗಿದೆ. ತಲೆ ಮೇಲೆ ಬಳ್ಳಿ ಹೊತ್ತುಕೊಂಡು, “ಹ್ವಾಯ್, ಯಾರ್ ಸತ್ತದ್ದ್? ಒಂದ್ ಸದ್ದೂ ಇಲ್ಲೆ ಅಲ್ದಾ?” ಎಂದು ಕೇಳಿದೆ. ನಾವೆಲ್ಲ ನಕ್ಕೆವು. ಮಂಜ ನಗಲಿಲ್ಲ. ಮರುದಿನವೇ ನಿನ್ನ ಪೆಟ್ಟಿಗೆ ಕಟ್ಟಿದ.

ಆಮೇಲೊಂದು ದಿನ ಕಣ್ಣಿಗೆ ಬೈರಾಸು ಕಟ್ಟಿಕೊಂಡು ನಾನೂ ಆ ದಾರಿ ನಡೆದೆ. ಗಾಣದ ಕಿರ್ರೆನ್ನುವ ಸದ್ದು ಎಡಗಿವಿಗೆ ಬೀಳುತ್ತಿದ್ದರೆ ನೇರ ಹೋಗಬೇಕು, ತಿರುಗುವ ಗುರುತಾಗಿ ಕಾಲಿಗೆ ಸಿಗಬೇಕಿದ್ದ ಸಿಪ್ಪೆ ಮಾತ್ರ ಇಲ್ಲ. ನಿನ್ನ ದಾರಿಯನ್ನು ನಾನೇ ಗುಡಿಸಿ ಹಾಕಿದ್ದೆ, ಮಾರಾಯ. ಇದು ಹೊಳೆದ ಖುಷಿಯಲ್ಲಿ ದಾರಿಯಲ್ಲಿ ತೋಡು ದಾಟಲು ಹಾಕಿದ್ದ ಮರದ ಸಂಕದಿಂದ ಜಾರಿ ನೀರಿಗೆ ಬಿದ್ದೆ. “ಈ ಪ್ರಾಯದಗೆ ನಿಮ್ಗೆಂತ ಕಣ್ಣಾಮುಚ್ಚಾಲೆ?” ಎಂದು ನನ್ನ ಹೆಂಡತಿ ಅಕ್ಕು ಮೂರು ದಿನ ಬೈದಳು.

ಈಗ ಸಿಪ್ಪೆಯ ರಾಶಿ ಹಳೆಯ ಜಾಗಕ್ಕೇ ಬಂದಿದೆ. ಚಂದ್ರಾವತಿ ನಿನ್ನ ಹೆಸರು ಹೇಳಿ ಎರಡರಷ್ಟು ಜೋರಾಗಿ ಬಡಿಯುತ್ತಾಳೆ, ಊರಿಗೆ ಮಧ್ಯಾಹ್ನದ ನಿದ್ದೆಯಿಲ್ಲ. ಎರಡು ಮರದ ಸಂಕವನ್ನು ನಾಲ್ಕು ಮರದ್ದು ಮಾಡಿದ್ದೇವೆ. ಹಿಡಿದು ನಡೆಯಲು ಬಿದಿರು ಕಟ್ಟಬೇಕೆಂದು ಕಂಬವನ್ನೂ ಹುಗಿದಾಯಿತು. ಸೊಂಟದೆತ್ತರ ಸಾಕೆಂದು ಸೂರ, ಎದೆಯೆತ್ತರ ಬೇಕೆಂದು ಚಂದ್ರಾವತಿ. ಈ ಸಲ ನಾನು ಬಾಯಿ ಹಾಕಲಿಲ್ಲ. ಅವತ್ತೂ ನಿನ್ನನ್ನು ಒಂದು ಮಾತು ಕೇಳಬೇಕಿತ್ತು, ಕುಷ್ಟ. ನಮಗೆ ಯಾರಿಗೂ ಹೊಳೆಯಲೇ ಇಲ್ಲ. ನೀನಿಲ್ಲದೆ ಅಂಗಡಿಯ ಜಗಲಿಯಲ್ಲಿ ಕೂರಲು ಮನಸ್ಸೇ ಬರುವುದಿಲ್ಲ.

ಬಿದಿರು ಕಂಬದ ಬುಡದಲ್ಲೇ ಬಿದ್ದಿದೆ. ನೀನು ಬಂದು ಕೈಯಿಟ್ಟು ಎತ್ತರ ತೋರಿಸಿದ ಮೇಲೇ ಅದನ್ನು ಕಟ್ಟುವುದು.

ದೇವರು ನಿನ್ನ ಕಾಲಿಗೆ ಬಲವನ್ನೂ ಮಂಜನಿಗೆ ಬುದ್ಧಿಯನ್ನೂ ಕೊಡಲಿ.

ನಿನ್ನ ತಪ್ಪಿತಸ್ಥ ಗೆಳೆಯ,
ಪ್ರೇಮಾನಂದ