ಟ್ರೇನ್ ಬಂದಾಗ ಅಣ್ಣ ಆಡಿದ ಮಾತು

ಜುಲೈ ೫, ಶನಿವಾರ

ಇವತ್ತೂ ಎರಡು ಮೌಸ್ ಕೈಕೊಟ್ಟವು. ಯಾರೋ ಕೀಬೋರ್ಡಿನ ಮೇಲೆ ವಡಾಪಾವ್ ಚಟ್ನಿ ಚೆಲ್ಲಿದ್ದಾರೆ. ಯಾರೆಂದು ಕೇಳಿದರೆ ಅಷ್ಟೂ ಮಕ್ಕಳು ಏನೂ ಅರಿಯದವರ ಹಾಗೆ ಕೂತರು. ಜನ ಎಸೆದ ಕಂಪ್ಯೂಟರು ಹೊತ್ತು ತಂದು, ಫ್ರೀ ಸಿಗುವ ಲಿನಕ್ಸ್ ಸಿಸ್ಟಮ್ ಹಾಕಿ, ಕನ್ನಡ ಸಂಘದ ಹಿಂದಿನ ಕೋಣೆಯಲ್ಲಿ ಮಕ್ಕಳಿಗೆ ಪುಕ್ಕಟೆ ಕಲಿಸುವ ಹುಚ್ಚು ಇಡೀ ಡೊಂಬಿವಲಿಯಲ್ಲಿ ನನಗೊಬ್ಬಳಿಗೇ ಯಾಕೆ ಹಿಡಿಯಿತೋ!

ಸಂಜೆ ಸಂಗಮೇಶ ಎಲ್ಲ ಮೆಷೀನು ‘ತೊಳೆದ’. ನಮ್ಮ ಕ್ಲಬ್ಬಿನ ಮಾತು ಅದು. ಮಕ್ಕಳು ತುಂಬಿಸಿದ ಆಟ, ಫೋಟೊ ಎಲ್ಲ ಅಳಿಸಿ, ಹೊಸದಾಗಿ ಸಿಸ್ಟಮ್ ಹಾಕಿಯೇ ಬಾಗಿಲು ಮುಚ್ಚುವುದು. ನಿಯಮ ನನ್ನದು. ಹೋಟೆಲಿನವರ ಮನೆಯಲ್ಲಿ ಬೆಳೆದವಳು, ಎಂಜಲು ಪಾತ್ರೆ ಬಿಟ್ಟು ಮಲಗಿ ಗೊತ್ತಿಲ್ಲ. ಸಂಗಮೇಶ ವಿಜಯಪುರದ ಕಡೆಯವ, ಎಂಐಡಿಸಿಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಶಿಯನ್. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾನೆ.

ಅಣ್ಣನ ರಿಪೋರ್ಟ್ ಬಂತು. ಗಂಟಲಿನ ಕ್ಯಾನ್ಸರ್. ಹೆದರಿದ್ದೇ ಆಯಿತು.

ಜುಲೈ ೬

ಧ್ವನಿಪೆಟ್ಟಿಗೆ ಪೂರ್ತಿ ತೆಗೆಯಬೇಕಂತೆ. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ. ಇಪ್ಪತ್ತೆರಡಕ್ಕೆ ಆಪರೇಷನ್.

ಠಾಣೆಯ ಹೋಟೆಲಿನಲ್ಲಿ ಕ್ಯಾಪ್ಟನ್ ನಮ್ಮ ಪೂವಪ್ಪಣ್ಣ. ಮಾಜಿವಾಡಾದ ಟ್ರಾಫಿಕ್ಕಿನ ಗಲಾಟೆ ಮೀರಿ ಅಡುಗೆಮನೆಗೆ ಆರ್ಡರ್ ಮುಟ್ಟಿಸುವ ಸ್ವರ ಅದು. ಅದೇ ಸ್ವರ ನನ್ನನ್ನು ಬೈದು, ಓದಿಸಿ, ಆಫೀಸು ಸೇರಿಸಿತು. ಡಾಕ್ಟರ ಎದುರು ಅಣ್ಣ ನಕ್ಕ. “ಇನ್ನು ನಿನ್ನ ಅತ್ತಿಗೆಗೆ ಎದುರು ಮಾತಾಡುವ ರಗಳೆ ಇಲ್ಲ ನೋಡು ಜಯಾ.”

ವಿಮಲತ್ತಿಗೆ ನಗಲಿಲ್ಲ. ನನಗೂ ಆಗಲಿಲ್ಲ.

ಜುಲೈ ೮

ಲೋಕಲ್ ಟ್ರೇನಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ. ಸಂಗಮೇಶ ಫೋನ್ ಮಾಡಿದ್ದ.

“ಅಕ್ಕಾರ, ಆಪರೇಷನ್ ಮುಂಚೆ ಅಣ್ಣಾರ ದನಿ ರೆಕಾರ್ಡ್ ಮಾಡಿ ಇಟ್ಕೊಂಡ್ರ, ಆಮ್ಯಾಲ ಕಂಪ್ಯೂಟರ್ ಅದ ದನೀಲೆ ಮಾತಾಡ್ತೈತ್ರಿ. ಅವರು ಟೈಪ್ ಮಾಡಿದ್ರ ಸಾಕು. ಸಾಫ್ಟ್‌ವೇರ್ ಫ್ರೀ ಐತ್ರಿ.”

ಬಹಳ ವಾಕ್ಯ ಓದಿಸಬೇಕಂತೆ. ಓದಿಸೋಣ! ಇಷ್ಟು ವರ್ಷ ಈ ಕ್ಲಬ್ಬು ನಡೆಸಿದ್ದು ಒಮ್ಮೆಯಾದರೂ ನಮ್ಮ ಮನೆಗೆ ಬರಲಿ.

ಜುಲೈ ೧೦

ರೆಕಾರ್ಡಿಂಗ್ ಶುರು. ಕ್ಲಬ್ಬಿನ ಕೋಣೆ ರೈಲ್ವೆ ಹಳಿಗೆ ತಾಗಿಕೊಂಡೇ ಇದೆ. ಫಾಸ್ಟ್ ಲೋಕಲ್ ಬಂದರೆ ಕಿಟಕಿ ಗಾಜು ನಡುಗುತ್ತದೆ. ಟ್ರೇನ್ ಬಂದಾಗ ನಾನು ಕೈ ಎತ್ತುವುದು, ಅಣ್ಣ ನಿಲ್ಲಿಸುವುದು, ಹೋದ ಮೇಲೆ ಮತ್ತೆ ಓದುವುದು. ಮೈಕ್ ಮಾತ್ರ ಆಫ್ ಮಾಡುವ ಹಾಗಿಲ್ಲ, ಆ ಹಳೇ ಮೆಷೀನು ಮುಷ್ಕರ ಹೂಡುತ್ತದೆ.

ಓದುವಾಗ ಮೇಷ್ಟರ ಎದುರು ನಿಂತ ಹುಡುಗನ ಹಾಗೆ ಓದುತ್ತಾನೆ. “ಸೂರ್ಯನು ಪೂರ್ವದಲ್ಲಿ ಉದಯಿಸುತ್ತಾನೆ.” ಟ್ರೇನ್ ಬಂತೆಂದರೆ ಸಾಕು, ಬಾಯಿ ಬಿಡುಗಡೆ. ಪ್ಯಾಸೇಜಿನಲ್ಲಿ ಕೂತ ಅತ್ತಿಗೆಗೆ, “ಓಯ್, ಚಾ ಉಂಟಾ?”

“ಬತ್ತೆ!” ಅನ್ನುತ್ತಲೇ ಅತ್ತಿಗೆ ಹಾಜರು. ಮದುವೆಯಾದಾಗಿನಿಂದ ಅಣ್ಣ ಅವರನ್ನು ಹೆಸರು ಹಿಡಿದು ಕರೆದದ್ದಿಲ್ಲ. ಅವನು ಓಯ್ ಅನ್ನುವುದು, ಅವರು ತುಳುವಿನಲ್ಲಿ ಬತ್ತೆ, ಅಂದರೆ ಬಂದೆ, ಅನ್ನುವುದು. ಅಷ್ಟೇ ಅವರ ಸಂಸಾರ.

ನನಗೆ ಸಿಟ್ಟು ಬಂತು. “ಅಣ್ಣಾ, ಮೈಕ್ ಆನ್ ಉಂಟು. ಎಲ್ಲ ಕಸ ಸೇರ್ತದೆ.”

“ನಾನು ಮಾತಾಡಿದ್ದು ಕಸವಾ ಮಾರಾಯ್ತಿ?”

“ಹೌದು. ಓದು ಸುಮ್ಮನೆ.”

ಜುಲೈ ೧೬

ಇನ್ನೂ ಕಾಲು ಭಾಗ ಬಾಕಿ ಇದೆ. ಸ್ವರ ಒಡೆಯುತ್ತಿದೆ. ಮಧ್ಯಾಹ್ನ ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ. ಸಾಕು ಅಂದೆ. ಅಣ್ಣ ಪುಟ ತಿರುಗಿಸಿದ. ಇನ್ನೊಂದು ಅಂದ, ಮತ್ತೊಂದು ಅಂದ. ದೇವರೇ, ಈ ಟ್ರೇನುಗಳಾದರೂ ಸ್ವಲ್ಪ ಹೊತ್ತು ನಿಲ್ಲಬಾರದೇ...

ಜುಲೈ ೧೯, ಶನಿವಾರ

ಮುಗಿಯಿತು! ಮಕ್ಕಳಿಗೆ ಇವತ್ತು ರಜೆ ಕೊಟ್ಟು ಇಡೀ ದಿನ ರೆಕಾರ್ಡಿಂಗ್ ಕತ್ತರಿಸಿದೆ. ಟ್ರೇನ್, ಕೆಮ್ಮು, ಚಾ, ಮಾತು, ನಗು ಎಲ್ಲ ತೆಗೆದೆ. ಉಳಿದದ್ದು ಬರೀ ವಾಕ್ಯಗಳು, ತೊಳೆದ ಅಕ್ಕಿಯಷ್ಟು ಶುದ್ಧ. ಅವನ್ನು ದೊಡ್ಡ ಮೆಷೀನಿಗೆ ಹಾಕಿಯಾಯಿತು. ಸಂಗಮೇಶ ಸ್ವರ ಕಟ್ಟುತ್ತಾನೆ.

“ರೆಕಾರ್ಡಿಂಗ್ ಮಾಡಿದ ಮೆಷೀನೂ ತೊಳೀಲೇನ್ರಿ ಅಕ್ಕಾರ?”

“ಅದೇನು ಕೇಳುವುದು? ತೊಳಿ.”

ಜುಲೈ ೨೨

ಆಪರೇಷನ್ ಆಯಿತು. ಜೀವಕ್ಕೆ ತೊಂದರೆ ಇಲ್ಲ.

ಒಳಗೆ ಒಯ್ಯುವ ಮೊದಲು ಏನಾದರೂ ಹೇಳುತ್ತಾನೆಂದು ಎಲ್ಲರೂ ಸ್ಟ್ರೆಚರಿಗೆ ಮುತ್ತಿಕೊಂಡು ನಿಂತಿದ್ದೆವು. ಅತ್ತಿಗೆಯತ್ತ ತಿರುಗಿ, “ಓಯ್, ನನ್ನ ಚಪ್ಪಲ್ ನೋಡಿಕೋ,” ಅಂದ.

ಆಗಸ್ಟ್ ೧೩

ಅಣ್ಣ ಮನೆಗೆ ಬಂದು ವಾರವಾಯಿತು. ಕತ್ತಿನಲ್ಲಿ ತೂತು, ಉಸಿರು ಅಲ್ಲಿಂದಲೇ. ನೋಡಲು ಧೈರ್ಯ ಸಾಲದೆ ಅವನ ಕಣ್ಣನ್ನೇ ನೋಡಿ ಮಾತಾಡುತ್ತೇನೆ.

ಇವತ್ತು ಸಂಗಮೇಶ ಡಬ್ಬಿ ತಂದ. ಅಂಗೈ ಅಗಲದ ಕಂಪ್ಯೂಟರು, ಒಂದು ಸ್ಪೀಕರು, ಕೀಬೋರ್ಡು. ಅಣ್ಣ ಒಂದೇ ಬೆರಳಿನಲ್ಲಿ ಟೈಪ್ ಮಾಡಿದ. “ನನಗೆ ನೀರು ಬೇಕು,” ಅಂದಿತು ಡಬ್ಬಿ. ಅಣ್ಣನದೇ ಸ್ವರ! ಸಂಗಮೇಶನ ಬೆನ್ನು ತಟ್ಟಿದೆ.

ಅಣ್ಣನ ಮಗಳು ಪ್ರಣೀತಾ ಮೆಲ್ಲಗೆ, “ಆತ್ಯಾ, ಪಪ್ಪಾ ತೋ ನ್ಯೂಸ್ ಪಢ್ ರಹೇ ಹೈಂ,” ಅಂದಳು. ಅಪ್ಪ ನ್ಯೂಸ್ ಓದಿದ ಹಾಗಿದೆಯಂತೆ! ಗದರಿಸಿದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ.

ಆಮೇಲೆ ಅಣ್ಣ ಅಡುಗೆಮನೆ ಕಡೆ ನೋಡಿ ಎರಡೇ ಅಕ್ಷರ ಒತ್ತಿದ. “ಓ... ಯ್,” ಅಂದಿತು ಡಬ್ಬಿ, ಬಾಲವಾಡಿಯ ಮಗು ಓದಿದಂತೆ. ಅತ್ತಿಗೆ ತಿರುಗಲಿಲ್ಲ. ಮತ್ತೆ ಒತ್ತಿದ. ಮತ್ತೆ. ಕೊನೆಗೆ ಅತ್ತಿಗೆ ಸೌಟು ಹಿಡಿದುಕೊಂಡೇ ಬಂದರು. “ಅದು ಇವರಲ್ಲ ಜಯಾ. ಅದನ್ನು ಬಂದ್ ಮಾಡು. ನನಗೆ ಕೇಳಲಿಕ್ಕೆ ಆಗುದಿಲ್ಲ.”

ಅಣ್ಣನೇ ವೈರು ಕಿತ್ತ.

ಆಗಸ್ಟ್ ೧೬, ಶನಿವಾರ

ಸಂಗಮೇಶ ಹೇಳಿದ, “ಅಣ್ಣಾರು ಓಯ್ ಅಂದಿದ್ದು ಒಂದರ ಖರೇ ರೆಕಾರ್ಡಿಂಗ್ ಇದ್ರ ಅದನ್ನ ಒಂದು ಗುಂಡಿಗೆ ಹಚ್ಚಬಹುದಿತ್ರಿ. ಒತ್ತಿದ್ರ ಅದ ಬರ್ತಿತ್ತು...”

ಹೇಳುತ್ತಾ ಹೇಳುತ್ತಾ ಆ ಹಳೇ ಮೆಷೀನಿನತ್ತ ತಿರುಗಿದ. ನಾನೂ.

ಟ್ರೇನ್ ಬಂದಾಗಲೆಲ್ಲ ಅಂದಿದ್ದನಲ್ಲ. ಎಷ್ಟು ಸಲ! ಒಂದನ್ನೂ ಬಿಡದೆ ಹುಡುಕಿ ಹುಡುಕಿ ಕತ್ತರಿಸಿದವಳು ನಾನು. ಮೂಲವನ್ನು ತೊಳಿ ಅಂದವಳೂ ನಾನೇ. ಸಂಗಮೇಶನ ಮೇಲೆ ಕೂಗಾಡಿದೆ, ನಿನಗಾದರೂ ಬುದ್ಧಿ ಬೇಡವೇ ಅಂತ. ಪಾಪ, ಅವನು ಕತ್ತು ಬಗ್ಗಿಸಿ ಕೇಳಿಸಿಕೊಂಡ. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಅಣ್ಣನದು ಬಟನ್ ಫೋನು, ವಾಯ್ಸ್ ಮೆಸೇಜೆಂದರೆ ಏನೆಂದೇ ಗೊತ್ತಿಲ್ಲ. ಮದುವೆ ವಿಡಿಯೋ ಹಾಕಿ ನೋಡಿದೆವು. ಅಣ್ಣ ಕಾಣುತ್ತಾನೆ, ಬಾಯಿ ಆಡುತ್ತದೆ. ಕೇಳುವುದು ಮಾತ್ರ ಮೇಲೆ ಹಾಕಿದ ವಾದ್ಯ.

ಆಗಸ್ಟ್ ೨೩, ಶನಿವಾರ

ಆ ಮೆಷೀನಿನ ಹಾರ್ಡ್ ಡಿಸ್ಕ್ ಕಿತ್ತು ದೊಡ್ಡ ಮೆಷೀನಿಗೆ ಸಿಕ್ಕಿಸಿದ್ದೇನೆ. ಅಳಿಸಿದ್ದನ್ನು ಹುಡುಕುವ ಸಾಫ್ಟ್‌ವೇರ್ ಹಾಕಿದೆ, ಅದೂ ಫ್ರೀ. ಆದರೆ ಅಂದಿನಿಂದ ಅದೇ ಡಿಸ್ಕನ್ನು ಶನಿವಾರ ಶನಿವಾರ ತೊಳೆದಿದ್ದೇವೆ, ನಿಯಮ ತಪ್ಪದೆ. ಹೊಸದು ಬಂದು ಕೂತಲ್ಲಿ ಹಳೆಯದು ಸಿಗುವುದಿಲ್ಲ. ತುಂಡು ತುಂಡು ಬರುತ್ತಿದೆ, ಬಹಳಷ್ಟು ಬರೀ ‘ಸುಸ್ಸ್’. ಹೊರಗೆ ಮಕ್ಕಳು ಕ್ಲಬ್ಬಿನ ಬಾಗಿಲು ಬಡಿದು ಬಡಿದು ಹೋದರು. ತೆರೆಯಲಿಲ್ಲ.

ಮನೆಯಲ್ಲಿ ಅಣ್ಣ ಡಬ್ಬಿ ಮುಟ್ಟುವುದಿಲ್ಲ. ನಿನ್ನೆ ಅತ್ತಿಗೆಯನ್ನು ಕರೆಯಲು ಚಮಚದಿಂದ ತಟ್ಟೆ ಬಡಿದ. “ನಾನೇನು ನಿಮ್ಮ ಹೋಟೆಲಿನ ಪೋರನಾ?” ಅಂತ ಅತ್ತಿಗೆ ರೇಗಿ, ಆಮೇಲೆ ತಾವೇ ಅತ್ತರಂತೆ. ಇವತ್ತು ಅವನು ಕರೆಯಲೇ ಇಲ್ಲ. ಗೋಡೆ ನೋಡುತ್ತಾ ಕೂತಿದ್ದಾನೆ. ಗಂಜಿ ಬೇಡ, ಔಷಧಿ ಬೇಡ.

ಜೀವ ಉಳಿಯಿತು ಅಂದರಲ್ಲ ಡಾಕ್ಟರು. ಇದಾ?

ಆಗಸ್ಟ್ ೨೬

ಆಫೀಸಿಗೆ ರಜೆ ಹಾಕಿದೆ. ಬೆಳಿಗ್ಗೆಯಿಂದ ಹೆಡ್‌ಫೋನ್. ಕಿವಿ ನೋಯುತ್ತಿದೆ. ಸೂರ್ಯನು ಪೂರ್ವದಲ್ಲಿ ಉದಯಿಸುತ್ತಾನೆ, ಸೂರ್ಯನು ಪೂರ್ವದಲ್ಲಿ ಉದಯಿಸುತ್ತಾನೆ... ಅದೊಂದೇ ಎಷ್ಟು ಸಲ ಸಿಕ್ಕಿತು! ಸೂರ್ಯನ ಮನೆ ಹಾಳಾಗ.

ಇನ್ನು ಸ್ವಲ್ಪವೇ ಬಾಕಿ. ಅದರಲ್ಲೂ ಇಲ್ಲದಿದ್ದರೆ? ಅತ್ತಿಗೆಗೆ ಏನೆಂದು ಹೇಳಲಿ? ಕಸ ಅಂದುಕೊಂಡೆ ಅಂತಲೇ?

ಆಗಸ್ಟ್ ೩೦, ಶನಿವಾರ

ಸಂಘದಲ್ಲಿ ಗಣಪತಿ. ಪ್ರಣೀತಾ ಹೇಗೋ ಮಾಡಿ ಅಪ್ಪ ಅಮ್ಮನನ್ನು ಕರೆತಂದಳು. ಅತ್ತಿಗೆ ನಮ್ಮತ್ತ ತಲೆ ಹಾಕದೆ ಪ್ಯಾಸೇಜಿನ ನಲ್ಲಿಯಲ್ಲಿ ಪ್ರಸಾದದ ಪಾತ್ರೆ ತೊಳೆಯಲು ಕೂತರು. ಅಣ್ಣ ಕ್ಲಬ್ಬಿನ ಕೋಣೆಯಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ, ಎಲ್ಲೋ ನೋಡುತ್ತಾ.

ಉಳಿದ ತುಂಡುಗಳನ್ನು ಸಂಗಮೇಶ ಕೇಳುತ್ತಿದ್ದ. “ಇದರಾಗ ಬರೇ ಟ್ರೇನ್ ಐತ್ರಿ ಅಕ್ಕಾರ. ಅಳಿಸ್ಲೇನ್ರಿ?”

“ಮುಟ್ಟಬೇಡ!” ಇಡೀ ಕೋಣೆ ತಿರುಗಿ ನೋಡಿತು. “ಹೆಡ್‌ಫೋನ್ ತೆಗಿ. ಸ್ಪೀಕರಿಗೆ ಹಾಕು. ಪೂರ್ತಿ ಹಾಕು.”

ಹಾಕಿದ. ಟ್ರೇನ್. ಬರೀ ಟ್ರೇನ್. ಹಾರ್ನು, ಗಾಜಿನ ನಡುಕ, ಮತ್ತೂ ಟ್ರೇನ್. ಇದೇ ಕೊನೆಯ ತುಂಡು ಅಂತ ಗೊತ್ತಿತ್ತು. ಟ್ರೇನಿನ ಕೊನೆಯ ಬೋಗಿ ಹಾದುಹೋಗುವಾಗ, ಅದರ ಸದ್ದಿನ ಅಡಿಯಿಂದ —

“ಓಯ್!”

ಪ್ಯಾಸೇಜಿನಲ್ಲಿ ಪಾತ್ರೆ ಬಿದ್ದ ಸದ್ದು. “ಬತ್ತೆ!”

ಒದ್ದೆ ಕೈಯಲ್ಲೇ ಓಡಿಬಂದರು ಅತ್ತಿಗೆ. ಬಾಗಿಲಲ್ಲಿ ನಿಂತು ಅಣ್ಣನ ಮುಚ್ಚಿದ ಬಾಯಿ ನೋಡಿದರು. ಆಮೇಲೆ ಸ್ಪೀಕರು ನೋಡಿದರು. ಗಲ್ಲದ ಮೇಲೆ ನೀರು ಇಳಿಯುತ್ತಿದ್ದರೂ ಒರೆಸಿಕೊಳ್ಳಲಿಲ್ಲ.

ಅಣ್ಣ ಬಗ್ಗಿ, ಸಂಗಮೇಶನ ಕೈ ಸರಿಸಿ, ತಾನೇ ಒತ್ತಿದ. ಮತ್ತೆ ಅದೇ ಟ್ರೇನ್. ಅಷ್ಟುದ್ದ ಟ್ರೇನ್ ಮುಗಿಯುವವರೆಗೂ ಅತ್ತಿಗೆ ಅಲ್ಲಾಡದೆ ಕಾದರು. ಅವನ ಎದುರಿಗೇ ನಿಂತಿದ್ದರು, ಬರಲು ಇನ್ನೆಲ್ಲಿಂದ? ಆದರೂ ಅವನ ಕೂಗು ಬಂದ ಕೂಡಲೇ ಅತ್ತಿಗೆ, “ಬತ್ತೆ!” ಅಂದರು.